ಅಂಗೈ ಕೆಳಗಿನ ಕಾಲುದಾರಿ

ಮಾಘ ಕಳೆದು ಹಿಂದೂಪುರಕ್ಕೆ ಹುಣಸೆ ಬರತೊಡಗಿತೆಂದರೆ ನಮ್ಮ ಬೀದಿಯ ಗಾಳಿಯೇ ಹುಳಿಯಾಗುತ್ತದೆ. ಬೆಳಿಗ್ಗೆ ಬಾಗಿಲು ತೆಗೆದರೆ ಸಾಕು, ಹಲ್ಲಿನ ಬುಡ ಜುಮ್ಮೆನ್ನುತ್ತದೆ. ಕಾಫಿ ಕುಡಿಯುವ ಮೊದಲೇ ಬಾಯಲ್ಲಿ ನೀರು. ಪರಿಗಿ ಕಡೆಯಿಂದ, ಗಡಿಯಾಚೆಯಿಂದ ಮೂಟೆಗಳು ಬಂದು ಮಂಡಿಗಳಲ್ಲಿ ಬೀಳುತ್ತವೆ. ಮಂಡಿಯವರು ಅದನ್ನು ಹೆಂಗಸರಿಗೆ ಹಂಚುತ್ತಾರೆ. ಹೆಂಗಸರು ಗೋಣಿ ಹಾಸಿಕೊಂಡು, ನೆರಳಿರುವ ಕಡೆ ಕೂತು, ಕೊಡತಿಯಿಂದ ಕುಟ್ಟಿ, ನಾರು ಸೀಳಿ, ಬೀಜ ಬೇರೆ ಹಣ್ಣು ಬೇರೆ ಮಾಡುತ್ತಾರೆ. ನಮ್ಮ ಬೀದಿಯಲ್ಲಿ ಬೆಳಗಿನ ನೆರಳು ಬೀಳುವುದು ನಮ್ಮ ಸಾಲಿನ ಮನೆಗಳ ಮುಂದೆ, ಚಪ್ಪಡಿ ಹಾಸಿದ ಫುಟ್‌ಪಾತಿನ ಮೇಲೆ. ಹೀಗಾಗಿ ಹುಣಸೆಯ ಕಾಲದಲ್ಲಿ ಫುಟ್‌ಪಾತು ಅವರದು.

ನನಗೋ ಎರಡು ವರ್ಷದಿಂದ ಸಕ್ಕರೆ ಕಾಯಿಲೆ. ನಡೆಯಿರಿ ಎಂದರು ಡಾಕ್ಟರು. ಆಯುಷ್ಯವೆಲ್ಲ ಕುರ್ಚಿಯ ಮೇಲೆ ಕಳೆದ ಗುಮಾಸ್ತನಿಗೆ ನಡೆ ಎನ್ನುವುದೂ ಈಜು ಎನ್ನುವುದೂ ಒಂದೇ. ಆದರೂ ಬಿಳಿಯ ಕ್ಯಾನ್ವಾಸ್ ಶೂ ಕೊಂಡೆ. ಮಗಳು ಹೆಜ್ಜೆ ಎಣಿಸುವ ಕೈಗಡಿಯಾರ ಕೊಡಿಸಿದಳು. ಅದನ್ನು ಕಟ್ಟಿಕೊಂಡು, ಯಾರೋ ನನ್ನನ್ನು ಮೇಲಿನಿಂದ ಪರೀಕ್ಷೆ ಮಾಡುತ್ತಿದ್ದಾರೆ ಎಂಬ ಗಾಂಭೀರ್ಯದಲ್ಲಿ ನಾನು ದಿನವೂ ಆ ಚಪ್ಪಡಿಗಳ ಮೇಲೆ ಬೀದಿಯ ಈ ತುದಿಯಿಂದ ಆ ತುದಿಗೆ ನಡೆಯುತ್ತೇನೆ. ನನ್ನ ಹೆಂಡತಿ ಇದನ್ನು ಮೆರವಣಿಗೆ ಎನ್ನುತ್ತಾಳೆ.

ಈ ಸಲ ಹುಣಸೆ ಬಂದ ಮೊದಲ ವಾರವೇ ರುದ್ರಪ್ಪನವರು ಮನೆಗೆ ಬಂದರು. ಇವರು ನಮ್ಮ ಕಾಲೋನಿ ಸಂಘದ ಕಾರ್ಯದರ್ಶಿ, ಪೇಟೆಯಲ್ಲಿ ಬಟ್ಟೆ ಅಂಗಡಿ ಇದೆ. ಒಳ್ಳೆಯ ಮನುಷ್ಯರೇ. ಆದರೆ ಬೀದಿಯಲ್ಲಿ ಒಂದು ಚಪ್ಪಡಿ ಅಲುಗಾಡಿದರೂ ಅವರಿಗೆ ನಿದ್ದೆ ಬರುವುದಿಲ್ಲ. ಫುಟ್‌ಪಾತನ್ನು ಹೆಂಗಸರು ಪೂರಾ ಹಿಡಿದುಬಿಟ್ಟಿದ್ದಾರೆ, ನಡೆಯುವವರಿಗೆ ದಾರಿ ಇಲ್ಲ, ಮುನಿಸಿಪಾಲಿಟಿಗೆ ಒಂದು ಅರ್ಜಿ ಕೊಡೋಣ, ಆಫೀಸಿನ ಭಾಷೆ ನಿಮಗೆ ಗೊತ್ತು, ನೀವೇ ಬರೆಯಿರಿ ಎಂದರು. ಆಫೀಸಿನ ಭಾಷೆ ಗೊತ್ತು ಎಂದರೆ ನನಗೆ ಈಗಲೂ ಎದೆ ಒಂದಿಂಚು ಉಬ್ಬುತ್ತದೆ. ಮೂವತ್ತು ವರ್ಷ ನಾನು ಬರೆದ ಕಾಗದಗಳಲ್ಲಿ ಒಂದೂ ವಾಪಸ್ಸು ಬಂದಿಲ್ಲ ಎಂದು ಅವರಿಗೆ ಹೇಳಿಯೂ ಬಿಟ್ಟೆ. ಕಾಫಿ ಕುಡಿದು, ಬರೆದಿಡುತ್ತೇನೆ ಎಂದು ಮಾತು ಕೊಟ್ಟು ಅವರನ್ನು ಕಳಿಸಿದೆ.

ನಮ್ಮ ಕಡೆ ಅರ್ಜಿ ಎಂದರೆ ತೆಲುಗು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಎದುರಿನವನ ಬಾಯಿ ನೋಡಿಕೊಂಡು ಯಾವುದೋ ಒಂದು, ಸರ್ಕಾರಕ್ಕೆ ತೆಲುಗು. ಕೂತು ಬರೆಯತೊಡಗಿದೆ. ಮೊದಲ ಸಾಲಿನಲ್ಲೇ ಪೇಚಾಯಿತು. ಫುಟ್‌ಪಾತ್ ಎಂದು ಬರೆದರೆ ಅರ್ಜಿಗೆ ತೂಕವಿಲ್ಲ. ಯಾಕೆಂದರೆ ಹಿಂದೂಪುರದಲ್ಲಿ ಫುಟ್‌ಪಾತ್ ಎಂದರೆ ನಡೆಯುವ ಜಾಗ ಎಂದು ಯಾರಿಗೂ ಹೊಳೆಯುವುದಿಲ್ಲ. ಈ ಚಪ್ಪಲಿ ಫುಟ್‌ಪಾತಿನಲ್ಲಿ ತಗೊಂಡೆ ಅನ್ನುತ್ತೇವೆ. ಫುಟ್‌ಪಾತಿನ ಇಡ್ಲಿ ಚೆನ್ನಾಗಿರುತ್ತದೆ ಅನ್ನುತ್ತೇವೆ. ವ್ಯಾಪಾರ ಕೆಟ್ಟವನನ್ನು ಫುಟ್‌ಪಾತಿಗೆ ಬಂದ ಅನ್ನುತ್ತೇವೆ. ಬೈಕು ನಿಲ್ಲಿಸಲು, ಜಲ್ಲಿ ಸುರಿಯಲು, ಶಾಮಿಯಾನದ ಗೂಟ ಹೊಡೆಯಲು ಫುಟ್‌ಪಾತ್ ಬೇಕು. ಅದರ ಮೇಲೆ ನಡೆದೆ ಎಂದು ಒಬ್ಬರಾದರೂ ಹೇಳಿದ್ದನ್ನು ನಾನು ಕೇಳಿಲ್ಲ. ಊರೆಲ್ಲ ನಡೆಯುವುದು ರಸ್ತೆಯ ಮೇಲೆ. ಇನ್ನು ಪಾದಚಾರಿ ಎಂಬ ದೊಡ್ಡ ಪದವಿದೆ. ಅದು ಪತ್ರಿಕೆಯ ಸ್ವತ್ತು. ಮನುಷ್ಯ ಬದುಕಿರುವಷ್ಟು ದಿನ ಅವನನ್ನು ಯಾರೂ ಪಾದಚಾರಿ ಎನ್ನುವುದಿಲ್ಲ, ಲಾರಿ ಗುದ್ದಿದ ಮರುದಿನ ಎನ್ನುತ್ತಾರೆ.

ಕೊನೆಗೆ 'ಕಾಲಿಬಾಟ' ಎಂದು ಬರೆದೆ. ತೆಲುಗಿನ ಒಳ್ಳೆಯ ಪದ, ಸರ್ಕಾರಿ ಕಾಗದಕ್ಕೂ ನಡೆಯುತ್ತದೆ. 'ಸದರಿ ಬೀದಿಯಲ್ಲಿ ಕಾಲಿಬಾಟ ಇಲ್ಲದಂತಾಗಿದೆ' ಎಂಬ ಅರ್ಥದ ವಾಕ್ಯ. ಬರೆದು ಓದಿಕೊಂಡೆ. ಇನ್ನೊಮ್ಮೆ ಓದಿಕೊಂಡೆ. ಒಳಗಿನಿಂದ ಅದರ ಕನ್ನಡ ತಾನಾಗಿ ಎದ್ದು ಬಂತು: ಕಾಲುದಾರಿ ಇಲ್ಲ. ಪೆನ್ನು ಕೆಳಗಿಟ್ಟೆ. ಈ ವಾಕ್ಯವನ್ನು ನಾನು ಹಿಂದೆ ಒಮ್ಮೆ ಹೇಳಿದ್ದೆ. ಅದಾದ ಮೇಲೆ ಮುಂದಿನ ಸಾಲು ಬರೆಯಲಾಗಲಿಲ್ಲ.

ನಿಮಗೆ ಹೇಳಿಬಿಡುತ್ತೇನೆ. ಹೆಂಡತಿಗೂ ಹೇಳಿರದ ಸಂಗತಿ ಇದು. ಹೇಳದೆ ಬಿಟ್ಟರೆ ಈ ಪ್ರಬಂಧವನ್ನು ಹುಣಸೆಹಣ್ಣಿನ ಮೇಲೆ ಮುಗಿಸಬೇಕಾದೀತು.

ನನ್ನೂರು ಇರುವುದು ಬ್ರಹ್ಮಸಮುದ್ರದ ಕಡೆ. ಹೆಸರು ಬೇಡ. ಕೆಂಪು ನೆಲ, ಕಡಲೆಕಾಯಿ ಹೊಲ, ಬೋರುವೆಲ್ಲು. ರಸ್ತೆ ಬದಿಗೆ ನಮ್ಮ ಹೊಲ. ಹೊಲದ ಆಚೆ ಬದಿಗೆ ಒಂದು ಹಟ್ಟಿ, ಇಪ್ಪತ್ತು ಮೂವತ್ತು ಮನೆ. ಹಟ್ಟಿಯವರು ಕೂಲಿನಾಲಿ ಮಾಡಿಕೊಂಡು ಬದುಕುವವರು. ಅವರು ರಸ್ತೆಗೆ ಬರಬೇಕಾದರೆ ನಮ್ಮ ಹೊಲವನ್ನು ಹಾದೇ ಬರಬೇಕು. ಆ ಕಡೆ ಬದುವಿನ ಬೇವಿನ ಮರದಿಂದ ಈ ಕಡೆ ಬದುವಿನ ಹುಣಸೆಮರಕ್ಕೆ ಒಂದು ಕಾಲುದಾರಿ, ಒಬ್ಬರ ಹಿಂದೆ ಒಬ್ಬರು ನಡೆಯುವಷ್ಟು ಅಗಲ. ಹುಣಸೆಮರದ ಕೆಳಗೆ ಬಸ್ಸು ನಿಲ್ಲುತ್ತಿತ್ತು. ಕಲ್ಯಾಣದುರ್ಗಕ್ಕೆ ಹೋಗುವ ಬೆಳಗಿನ ಬಸ್ಸು.

ಕಾಲುದಾರಿ ಎಂಬ ಪದವನ್ನೂ ನಮ್ಮೂರಿನಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ ಎನ್ನುವುದು ಈಗ ನೆನಪಾಗುತ್ತದೆ. ದಾರಿಗೆ ಅದು ಹೋಗುವ ಜಾಗದ ಹೆಸರು. ನಾವು ಅದನ್ನು ಹಟ್ಟಿ ದಾರಿ ಎನ್ನುತ್ತಿದ್ದೆವು. ಹಟ್ಟಿಯವರು ಬಸ್ಸಿನ ದಾರಿ ಎನ್ನುತ್ತಿದ್ದರು. ಒಂದೇ ದಾರಿಗೆ ಎರಡು ಹೆಸರು, ನೀವು ಯಾವ ತುದಿಯಲ್ಲಿ ನಿಂತಿದ್ದೀರಿ ಎನ್ನುವುದರ ಮೇಲೆ. ಅದು ಅವರಿಗೆ ಬಸ್ಸಿನ ದಾರಿ ಎನ್ನುವುದನ್ನು ನಾನು ತಲೆಗೆ ಹಾಕಿಕೊಳ್ಳಲೇ ಇಲ್ಲ. ಹಟ್ಟಿಗೆ ನನಗೇನು ಕೆಲಸ?

ಉಳುವಾಗ ಅಪ್ಪ ಆ ದಾರಿಯನ್ನು ಬಿಟ್ಟು ಉಳುತ್ತಿರಲಿಲ್ಲ. ನೇಗಿಲು ತಿರುಗಿಸುವುದು ಕಷ್ಟ, ಕೂರಿಗೆ ಎತ್ತಿ ಇಳಿಸುವುದು ಇನ್ನೂ ಕಷ್ಟ. ಹಾಗಾಗಿ ದಾರಿಯೂ ಸೇರಿ ಇಡೀ ಹೊಲ ಉತ್ತು, ಬೀಜ ಬಿತ್ತಿ, ಹಲುಬೆ ಹೊಡೆದು ಮಣ್ಣು ಸಮ ಮಾಡಿಬಿಡುತ್ತಿದ್ದರು. ಹೊಲ ಮಣೆ ಹಾಕಿದ ಹಾಗೆ ಸಪಾಟು, ದಾರಿಯ ಗುರುತೇ ಇಲ್ಲ. ಹಟ್ಟಿಯವರು ಬದುವಿನ ತನಕ ಬಂದು ಅಲ್ಲೇ ನಿಲ್ಲುತ್ತಿದ್ದರು. ಬಿತ್ತಿದ ನೆಲದ ಮೇಲೆ ಅವರಾಗಿ ಕಾಲಿಡುವವರಲ್ಲ. ನಮ್ಮ ಕಡೆ ಅದು ಕಟ್ಟುನಿಟ್ಟು: ಹೊಲದವರೇ ಮೊದಲು ತುಳಿಯಬೇಕು. ಹಲುಬೆ ಬಿಚ್ಚಿದ ಕೂಡಲೇ, ಎತ್ತಿಗೆ ನೀರು ಕುಡಿಸುವುದಕ್ಕೂ ಮೊದಲು, ಅಪ್ಪ ಅಮ್ಮನನ್ನು ಕರೆಯುತ್ತಿದ್ದರು. ಹುಣಸೆಮರಕ್ಕೆ ಬೆನ್ನು ಕೊಟ್ಟು, ಬೇವಿನ ಮರದ ಮೇಲೆ ಕಣ್ಣಿಟ್ಟು ಅಪ್ಪ ಮುಂದೆ, ಅಮ್ಮ ಹಿಂದೆ, ಅವರ ಹಿಂದೆ ನಾನು ಮತ್ತು ತಮ್ಮ. ಹೆಜ್ಜೆಗೆ ಹೆಜ್ಜೆ ತಾಗಿಸಿ, ಕಾಲು ಎಳೆದು ಎಳೆದು ನಡೆಯಬೇಕು. ಹೋಗಿ ಬಂದು ಮೂರು ಸಲ. ಕೆಳಗಿನ ಬೀಜ ಜಜ್ಜಿ ಹೋಗುತ್ತದೆ, ಮೊಳೆಯುವುದಿಲ್ಲ. ಬೆಳೆ ಎದ್ದಾಗ ಹಸಿರಿನ ನಡುವೆ ಕೆಂಪು ಗೆರೆ. ಇದಕ್ಕೆ ದಾರಿ ತುಳಿಯುವುದು ಎನ್ನುತ್ತಿದ್ದೆವು. ಚಿಕ್ಕವನಾಗಿದ್ದಾಗ ನನಗೆ ಅದೊಂದು ಆಟ. ಅಪ್ಪನ ಹೆಜ್ಜೆಯೊಳಗೆ ನನ್ನ ಹೆಜ್ಜೆ ಮೂರು ಸಲ ಕೂರುತ್ತಿತ್ತು.

ಅಪ್ಪ ತೀರಿಕೊಂಡ ವರ್ಷವೇ ನನಗೆ ಕಲ್ಯಾಣದುರ್ಗದ ಒಂದು ಆಫೀಸಿನಲ್ಲಿ ಗುಮಾಸ್ತನ ಸ್ಥಾನ ಕಾಯಂ ಆಯಿತು. ವಯಸ್ಸು ಮೂವತ್ತಮೂರು. ಮೋಟರ್ ಸೈಕಲ್ಲು ಬಂತು, ಜೇಬಿನಲ್ಲಿ ಎರಡು ಪೆನ್ನು ಬಂದವು. ಹಳ್ಳಿಯವರು ನಮಸ್ಕಾರ ಹಾಕಿದರೆ ತಲೆಯನ್ನು ಎಷ್ಟು ಆಡಿಸಬೇಕು ಎಂಬ ಲೆಕ್ಕವೂ ಬಂತು. ಅದೇ ಹೊತ್ತಿಗೆ ಹೊಲದಲ್ಲಿ ಬೋರು ಹಾಕಿಸಿದೆವು. ನೀರು ಬಿತ್ತು. ನೀರು ಬಿದ್ದ ಹೊಲ ಇದ್ದಕ್ಕಿದ್ದಂತೆ ಚೆಂದವಾಗಿ ಕಾಣುತ್ತದೆ, ಅದರಲ್ಲಿನ ಗೆರೆ ಕಣ್ಣಿಗೆ ಚುಚ್ಚುತ್ತದೆ. ಪಕ್ಕದ ಮೇಜಿನವನೊಬ್ಬ, ಜನ ಓಡಾಡುತ್ತಾ ಹೋದರೆ ನಾಳೆ ಅದು ಅವರ ಹಕ್ಕಾಗಿಬಿಡುತ್ತದೆ, ಆಮೇಲೆ ನೀನು ಏನೂ ಮಾಡುವ ಹಾಗಿಲ್ಲ ಎಂದು ಹೆದರಿಸಿದ. ಅವನು ಹೆದರಿಸಿದ್ದು ನಿಜ. ಆದರೆ ನಾನು ಹೆದರಲಿಲ್ಲ, ನೆಪ ಸಿಕ್ಕಿತೆಂದು ಹಿಗ್ಗಿದೆ. ಇಷ್ಟು ವರ್ಷದ ಮೇಲೆ ಅವನ ತಲೆಗೆ ಕಟ್ಟುವುದು ಬೇಡ.

ಆಫೀಸಿನಲ್ಲಿ ನಮ್ಮೂರ ಹಳೆಯ ನಕ್ಷೆ ಇತ್ತು, ಬಟ್ಟೆಗೆ ಅಂಟಿಸಿದ್ದು. ಊಟದ ಹೊತ್ತಿನಲ್ಲಿ ಅದನ್ನು ಬಿಚ್ಚಿ ನೋಡಿದೆ. ಬಂಡಿದಾರಿಗೆ ಜೋಡಿ ಗೆರೆ, ಕಾಲುದಾರಿಗೆ ಚುಕ್ಕಿ ಗೆರೆ. ನಮ್ಮ ಹೊಲದ ಮೇಲೆ, ಹುಣಸೆಮರದ ಕಡೆಯಿಂದ ಹಟ್ಟಿಯ ಕಡೆಗೆ, ಸಣ್ಣ ಸಣ್ಣ ಚುಕ್ಕಿಗಳು ಸಾಲಾಗಿ ಹೋಗಿದ್ದವು. ಯಾವ ಕಾಲದ ಯಾವ ಸರ್ವೆಯವನೋ ಬಿಸಿಲಿನಲ್ಲಿ ನಿಂತು, ಜನ ನಡೆಯುವುದನ್ನು ನೋಡಿ ಇಟ್ಟ ಚುಕ್ಕಿಗಳು. ನಕ್ಷೆ ಸುತ್ತಿಟ್ಟು ಡಬ್ಬಿಯ ಊಟ ಮಾಡಿದೆ.

ಆ ಸಲ ಬಿತ್ತನೆಯ ದಿನ ಅಮ್ಮ ಹುಣಸೆಮರದ ಕೆಳಗೆ ಸೆರಗು ಸಿಕ್ಕಿಸಿಕೊಂಡು ನಿಂತಿದ್ದಳು. ಅಪ್ಪನ ಜಾಗದಲ್ಲಿ ಮುಂದೆ ನಡೆಯಬೇಕಾದವನು ನಾನು.

"ದಾರಿ ತುಳಿಯಾಕೆ ಬಾರಪ್ಪ," ಎಂದಳು.

ಈ ವರ್ಷ ಬೇಡ ಎಂದೆ. ಪೈಪು ಹಾಕಿದ್ದೇವೆ, ಜನ ತುಳಿದರೆ ಒಡೆಯುತ್ತವೆ ಎಂದೆ. ಪೈಪು ಆ ಕಡೆ ಇರಲೇ ಇಲ್ಲ. ಅಮ್ಮ ಬೇವಿನ ಮರದ ಕಡೆ ನೋಡಿದಳು. ಸಿಕ್ಕಿಸಿದ ಸೆರಗನ್ನು ಬಿಡಿಸಿಕೊಂಡು ಮನೆಗೆ ಹೋದಳು. ನಾನು ಯಾರನ್ನೂ ಬೈಯಲಿಲ್ಲ, ಯಾರನ್ನೂ ತಡೆಯಲಿಲ್ಲ, ನೋಡಿ. ಸುಮ್ಮನೆ ನಡೆಯದೆ ಇದ್ದೆ, ಅಷ್ಟೇ. ನಮ್ಮ ಕಡೆ ಒಂದು ದಾರಿ ಮುಚ್ಚಲು ಅಷ್ಟು ಸಾಕಾಗಿತ್ತು.

ಹಟ್ಟಿಯಲ್ಲಿ ತಿಪ್ಪಕ್ಕ ಎಂಬ ಮುದುಕಿ ಇದ್ದಳು. ಮಗ ಸೊಸೆ ಇಬ್ಬರೂ ಕೂಲಿಗೆ ದೂರದೂರುಗಳಿಗೆ ಹೋಗುವವರು. ಮೊಮ್ಮಗಳು ಸರೋಜಳನ್ನು ಇವಳೇ ಸಾಕುತ್ತಿದ್ದಳು. ಸರೋಜ ಕಲ್ಯಾಣದುರ್ಗದ ಹೈಸ್ಕೂಲಿನಲ್ಲಿ ಒಂಬತ್ತನೇ ತರಗತಿ. ಹಟ್ಟಿಯಿಂದ ಹೈಸ್ಕೂಲು ಮುಟ್ಟಿದ ಮೊದಲ ಹೆಣ್ಣು ಎಂದು ಅಪ್ಪ ಇದ್ದಾಗ ಹೇಳುತ್ತಿದ್ದರು. ಹೊಲ ಹಾದು ಬಂದರೆ ಹತ್ತು ನಿಮಿಷಕ್ಕೆ ಬಸ್ಸು. ಕೆರೆ ಏರಿ ಸುತ್ತಿಕೊಂಡು ರಸ್ತೆಗೆ ಬಿದ್ದು ಬಂದರೆ ಮುಕ್ಕಾಲು ಗಂಟೆ. ಏರಿಯ ಕೆಳಗೆ ಸಾರಾಯಿ ಅಂಗಡಿ ಬೇರೆ. ಹುಡುಗಿಯನ್ನು ಒಬ್ಬಳೇ ಕಳಿಸುವ ಹಾಗಿರಲಿಲ್ಲ.

ಬಿತ್ತನೆಯಾದ ಮೂರು ಬೆಳಿಗ್ಗೆ ಅಜ್ಜಿ ಮೊಮ್ಮಗಳು ಬೇವಿನ ಮರದ ಕೆಳಗೆ ಬಂದು ನಿಂತಿದ್ದನ್ನು ನಾನು ಈ ಕಡೆಯಿಂದ ನೋಡಿದೆ. ನಾವು ಯಾರಾದರೂ ತುಳಿಯುತ್ತೇವೆ ಎಂದು ಕಾಯುತ್ತಿದ್ದರು. ಬಸ್ಸು ಬಂದು ಹೋಯಿತು. ನಾನು ಮೋಟರ್ ಸೈಕಲ್ಲು ಹತ್ತಿ ಬಸ್ಸಿನ ಹಿಂದೆಯೇ ಆಫೀಸಿಗೆ ಹೋದೆ.

ನಾಲ್ಕನೆಯ ದಿನ ಅವರಿಬ್ಬರೂ ಏರಿ ಸುತ್ತಿಕೊಂಡು ಬಂದು ಬಸ್ಸು ಹಿಡಿದು ಕಲ್ಯಾಣದುರ್ಗದಲ್ಲಿ ನನ್ನ ಆಫೀಸಿಗೇ ಬಂದರು. ತಿಪ್ಪಕ್ಕ ಚಪ್ಪಲಿಯನ್ನು ಬಾಗಿಲಲ್ಲಿ ಬಿಟ್ಟು ಒಳಗೆ ಬಂದಳು. ಸುತ್ತ ನಾಲ್ಕು ಮೇಜುಗಳು, ನಾಲ್ಕು ಜನ. ಹುಡುಗಿ ಪುಸ್ತಕದ ಚೀಲವನ್ನು ಎದೆಗೆ ಅವುಚಿಕೊಂಡು ಅವಳ ಪಕ್ಕದಲ್ಲಿ ನಿಂತಳು. ಜಗಳವಾಡಲು ಬಂದಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಅವಳು ಜಗಳವಾಡಲಿಲ್ಲ.

"ನಿನ್ ತಾವ ಊರಿನ ನಕ್ಷೆ ಐತಂತಲ್ಲಪ್ಪ," ಎಂದಳು. "ಅದ್ರಾಗೆ ನಮ್ ದಾರಿ ಐತಾ ನೋಡಿ ಹೇಳ್ಬುಡು. ಇದ್ರೆ ಕೇಳ್ತೀನಿ, ಇಲ್ದಿದ್ರೆ ಸುಮ್ಕಾಯ್ತೀನಿ."

ನೋಡುವುದೇನಿತ್ತು? ನೋಡಿಯಾಗಿತ್ತು. ಆದರೂ ಎದ್ದು ಹೋಗಿ ನಕ್ಷೆ ತಂದೆ. ಯಾಕೆ ತಂದೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಬಾಯಲ್ಲಿ ಹೇಳಿದ್ದರೆ ಬರೀ ಸುಳ್ಳಾಗುತ್ತಿತ್ತು. ಕಾಗದ ಬಿಚ್ಚಿ ಹೇಳಿದರೆ ಅದು ಆಫೀಸಿನ ಮಾತಾಗುತ್ತದೆ. ಮೇಜಿನ ಮೇಲೆ ಹರಡಿದೆ. ಹಳೆಯ ನಕ್ಷೆ, ತಾನಾಗಿ ಸುರುಳಿ ಸುತ್ತಿಕೊಳ್ಳುತ್ತಿತ್ತು. ಅದನ್ನು ಒತ್ತಿ ಹಿಡಿಯುವವನ ಹಾಗೆ ಅಂಗೈಯನ್ನು ಸರಿಯಾಗಿ ನಮ್ಮ ಹೊಲದ ಮೇಲೆ ಇಟ್ಟೆ. ಐದು ಬೆರಳನ್ನೂ ಹರವಿ ಇಟ್ಟೆ. ಇನ್ನೊಂದು ಕೈಯಿಂದ ರಸ್ತೆ, ಕೆರೆ, ಹಟ್ಟಿ ಎಲ್ಲವನ್ನೂ ತೋರಿಸಿದೆ.

"ಇಲ್ಲ ಕಣಜ್ಜಿ," ಎಂದೆ. "ನಕ್ಷೆಯಾಗೆ ದಾರಿ ಇಲ್ಲ."

ತಿಪ್ಪಕ್ಕ ನಕ್ಷೆಯನ್ನು ನೋಡಲಿಲ್ಲ, ನನ್ನ ಮುಖ ನೋಡಿದಳು. ಹುಡುಗಿ ನಕ್ಷೆ ನೋಡುತ್ತಿದ್ದಳು. "ಸರಿ ಬುಡಪ್ಪ. ಓದಿದೋನು ನೀನು, ಹೇಳಿದ್ಮೇಲೆ ಆಯ್ತು," ಎಂದು ತಿಪ್ಪಕ್ಕ ಮೊಮ್ಮಗಳ ಭುಜ ಹಿಡಿದು ಹೊರಟಳು. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳಲು ಅವಳು ಗೋಡೆ ಹಿಡಿದುಕೊಂಡದ್ದು ಕಾಣಿಸಿತು. ಅಂಗೈ ತೆಗೆದೆ. ಬೆವರಿಗೆ ಕಾಗದ ಅಂಟಿಕೊಂಡು ಬಿಡಿಸಿಕೊಂಡಿತು.

ಮುಂದಿನ ತಿಂಗಳು ಕಲ್ಲುಕಂಬ ನಿಲ್ಲಿಸಿ ಮುಳ್ಳುತಂತಿ ಎಳೆಸಿದೆ. ಹಟ್ಟಿಯಿಂದ ಒಬ್ಬರೂ ತಕರಾರು ಮಾಡಲಿಲ್ಲ. ಅದು ನನಗೆ ಆಶ್ಚರ್ಯವೂ ಆಯಿತು, ನನ್ನ ಚಾಕಚಕ್ಯತೆಯ ಬಗ್ಗೆ ಹೆಮ್ಮೆಯೂ ಆಯಿತು. ತಿಪ್ಪಕ್ಕ ಮೊಮ್ಮಗಳನ್ನು ವರ್ಷಕ್ಕೂ ಮೇಲೆ ಏರಿ ಸುತ್ತಿಸಿ ಬಸ್ಸಿಗೆ ಬಿಟ್ಟಳು. ಆಮೇಲೆ ಅವಳ ಮಂಡಿ ಹಿಡಿದುಕೊಂಡಿತು. ಸರೋಜ ಹತ್ತನೇ ತರಗತಿಯ ನಡುವೆ ಸ್ಕೂಲು ಬಿಟ್ಟು ಕಡಲೆಕಾಯಿ ಕೀಳಲು ಹೋಗತೊಡಗಿದಳು. ಒಂದು ವರ್ಷ ನಮ್ಮ ಹೊಲಕ್ಕೇ ಬಂದಿದ್ದಳು. ತಲೆಗೆ ಬಟ್ಟೆ ಕಟ್ಟಿಕೊಂಡು, ದಾರಿ ಇದ್ದ ಜಾಗದಲ್ಲೇ ಬಗ್ಗಿ ಗಿಡ ಕೀಳುತ್ತಿದ್ದಳು. ನಾನು ಅವಳಿಗೆ ಕಾಣಿಸದ ಹಾಗೆ ಪಂಪ್‌ಸೆಟ್ ಮನೆಯ ಹಿಂದೆ ಹೋಗಿ ನಿಂತೆ.

ಅದಾಗಿ ಮೂವತ್ತು ವರ್ಷವಾಯಿತು. ವರ್ಗವಾಗಿ ಹಿಂದೂಪುರಕ್ಕೆ ಬಂದೆ, ಇಲ್ಲೇ ಮನೆ ಕಟ್ಟಿದೆ, ಅಮ್ಮ ಹೋದಳು, ಹೊಲವನ್ನು ತಮ್ಮ ನೋಡಿಕೊಳ್ಳುತ್ತಾನೆ. ನಿವೃತ್ತಿಯ ದಿನ ಹಾರ ಹಾಕಿ, ಇವರ ಕೈಯಲ್ಲಿ ಯಾವತ್ತೂ ತಪ್ಪು ಕಾಗದ ಹೊರಗೆ ಹೋಗಿಲ್ಲ ಎಂದು ಭಾಷಣ ಮಾಡಿದರು. ನಾನು ಚಪ್ಪಾಳೆಗೆ ಕೈ ಮುಗಿದೆ. ಈಗ ನೋಡಿದರೆ ಅದೇ ಕೈ ನಡೆಯುವವರ ಹಕ್ಕಿನ ಬಗ್ಗೆ ಅರ್ಜಿ ಬರೆಯುತ್ತಿದೆ. ನಾಚಿಕೆ ಎಂದರೆ ಮುಖ ಕೆಂಪಾಗುವುದು ಎಂದುಕೊಂಡಿದ್ದೆ. ಅಂಗೈ ಒದ್ದೆಯಾಗುವುದೂ ನಾಚಿಕೆಯೇ ಎಂದು ಆ ದಿನ ಮೇಜಿನ ಮುಂದೆ ಕೂತಾಗ ತಿಳಿಯಿತು.

ಮರುದಿನ ಬೆಳಿಗ್ಗೆ ಬಸ್ಸು ಹತ್ತಿದೆ. ನಡುವೆ ಪಾವಗಡದಲ್ಲಿ ಇಳಿದು ಬಸ್ಸು ಬದಲಿಸಿದೆ. ನಾವು ನಮ್ಮೂರಿಗೆ ಹೋಗಬೇಕಾದರೂ ಕರ್ನಾಟಕವನ್ನು ಒಮ್ಮೆ ಹೊಕ್ಕು ಹೊರಡಬೇಕು. ಕಲ್ಯಾಣದುರ್ಗ ಮುಟ್ಟಿ, ಅಲ್ಲಿಂದ ಊರಿನ ಬಸ್ಸು ಹಿಡಿದು ಹುಣಸೆಮರದ ಕೆಳಗೆ ಇಳಿದಾಗ ಬಿಸಿಲು ಏರಿತ್ತು. ತಮ್ಮ ಬೈಕಿನಲ್ಲಿ ಬಂದು ನಿಂತಿದ್ದ. ಎರಡು ಕಂಬದ ನಡುವಿನ ತಂತಿ ಬಿಚ್ಚಬೇಕು ಎಂದೆ. ಅವನು ನನ್ನ ಬಿಳಿ ಶೂ ನೋಡಿದ, ಮುಖ ನೋಡಿದ.

"ಈಗ ಯಾರು ನಡೀತಾರೆ ಅಂತ ಬಿಚ್ಚಾನಣ್ಣ? ಹಟ್ಟಿಗೆ ಟಾರು ರೋಡಾಗೈತೆ. ಮನೆಮನೆಗೂ ಗಾಡಿ ಅವೆ," ಎಂದ.

ಆದರೂ ಬಿಚ್ಚು ಎಂದೆ. ಅಣ್ಣನಿಗೆ ವಯಸ್ಸಾಯಿತು ಎಂದುಕೊಂಡಿರಬೇಕು, ಇಕ್ಕಳ ತಂದು ಆ ಕಡೆ ಈ ಕಡೆ ಎರಡೂ ಬಿಚ್ಚಿಕೊಟ್ಟ. ಹುಣಸೆಮರಕ್ಕೆ ಬೆನ್ನು ಕೊಟ್ಟು ನಿಂತೆ. ಹೊಲ ಖಾಲಿ ಇತ್ತು, ಹೆಂಟೆ ಹೆಂಟೆ. ಬೇವಿನ ಮರ ಮೊದಲಿಗಿಂತ ದಪ್ಪವಾಗಿತ್ತು. ಶೂ ಬಿಚ್ಚಿ ಕೈಯಲ್ಲಿ ಹಿಡಿದು, ಹೆಜ್ಜೆಗೆ ಹೆಜ್ಜೆ ತಾಗಿಸಿ ಕಾಲು ಎಳೆಯುತ್ತಾ ನಡೆದೆ. ಅಂಗಾಲು ಸುಟ್ಟಿತು. ಹೋಗಿ, ಬಂದು, ಮತ್ತೆ ಹೋದೆ. ಹಿಂತಿರುಗಿ ನೋಡಿದರೆ ಒಣ ಮಣ್ಣಿನಲ್ಲಿ ಗುರುತು ಅಂಥಾದ್ದೇನೂ ಬಿದ್ದಿರಲಿಲ್ಲ.

ತಿಪ್ಪಕ್ಕ ತೀರಿಕೊಂಡು ಬಹಳ ಕಾಲವಾಗಿತ್ತು. ಸರೋಜ ಹಟ್ಟಿಯಲ್ಲೇ ಇದ್ದಳು, ಅಲ್ಲಿಯ ಅಂಗನವಾಡಿಯಲ್ಲಿ ಆಯಾ. ಮಕ್ಕಳ ತಟ್ಟೆ ತೊಳೆದು ಬೋರಲು ಹಾಕುತ್ತಿದ್ದಳು. ತಲೆಯಲ್ಲಿ ಅಲ್ಲಲ್ಲಿ ಬಿಳಿ ಕೂದಲು. ನನ್ನನ್ನು ಕಂಡು ಒಂದು ಕ್ಷಣ ತಡೆದು, ಗುರುತು ಹಿಡಿದು, ಕುರ್ಚಿ ತಂದು ಹಾಕಿದಳು. ಟೀಚರು ಇಲ್ಲ, ಮೀಟಿಂಗಿಗೆ ಹೋಗಿದ್ದಾರೆ, ಟೀಚರ ಕೆಲಸವನ್ನೂ ತಾನೇ ಮಾಡುತ್ತಿದ್ದೇನೆ ಎಂದಳು. ನೀನೇ ಟೀಚರಾಗಬಹುದಿತ್ತಲ್ಲ ಎಂದು ಬಾಯಿ ತಪ್ಪಿ ಕೇಳಿಬಿಟ್ಟೆ. ಅದಕ್ಕೆ ಹತ್ತನೇ ತರಗತಿ ಪಾಸಾಗಿರಬೇಕು ಎಂದಳು. ಅವಳ ದನಿಯಲ್ಲಿ ಕುಟುಕುವ ಉದ್ದೇಶ ಇರಲಿಲ್ಲ, ಕೇಳಿದ್ದಕ್ಕೆ ಹೇಳಿದಳು ಅಷ್ಟೇ.

ಬಸ್ಸಿನಲ್ಲಿ ಕೂತು ಸಿದ್ಧ ಮಾಡಿಕೊಂಡಿದ್ದ ಮಾತುಗಳೆಲ್ಲ ಹೋದವು. ಕುರ್ಚಿಯಲ್ಲಿ ಕೂರದೆ, ನಿಂತೇ ಹೇಳಿದೆ.

"ಸರೋಜಾ, ಆವತ್ತು ನಕ್ಷೆಯಾಗೆ ದಾರಿ ಇತ್ತು."

ಅವಳು ಕೈಯಲ್ಲಿದ್ದ ತಟ್ಟೆಯನ್ನು ಬೋರಲು ಹಾಕಿದಳು.

"ಗೊತ್ತಣ್ಣ," ಎಂದಳು. "ನಿಮ್ ಬೆರಳ ಸಂದಿನಾಗೆ ಚುಕ್ಕಿ ಕಾಣ್ತಿದ್ವು. ಚುಕ್ಕಿ ಚುಕ್ಕಿ ಇದ್ರೆ ಕಾಲಿಬಾಟ ಅಂತ ಸ್ಕೂಲಾಗೆ ಆ ವರ್ಷನೇ ಹೇಳ್ಕೊಟ್ಟಿದ್ರು."

ಮತ್ತೆ ಯಾಕೆ ಹೇಳಲಿಲ್ಲ ಎಂದು ನಾನು ಕೇಳಲಿಲ್ಲ. ಕೇಳುವ ಯೋಗ್ಯತೆ ನನಗಿರಲಿಲ್ಲ. ಅವಳಾಗಿ ಹೇಳಿದಳು.

"ಬಸ್ಸಿನಾಗೆ ಅಜ್ಜಿಗೆ ಹೇಳ್ದೆ. ಸುಮ್ಕಿರು ಅಂದ್ಲು. 'ಅವ್ರಪ್ಪ ವರ್ಷಾ ವರ್ಷಾ ನಮಗೆ ದಾರಿ ತುಳಿದು ಕೊಟ್ಟೋನು. ಅಂಥೋನ ಮಗನ್ನ ನಾಲ್ಕು ಜನದ ಮುಂದೆ ಸುಳ್ಳ ಅನ್ನಿಸ್ಬಾರ್ದು' ಅಂದ್ಲು. ಹಟ್ಟಿಯೋರು ಜಗಳಕ್ಕೆ ಬತ್ತೀವಿ ಅಂತ ಎದ್ದಾಗ್ಲೂ, ನಕ್ಷೆಯಾಗೆ ಇಲ್ವಂತೆ, ನಾನೇ ನೋಡ್ಕಂಡು ಬಂದೆ ಅಂತ ಅವಳೇ ಹೇಳಿದ್ಲು."

ಎಷ್ಟೋ ವರ್ಷ ನನ್ನ ಜಾಣತನವೆಂದು ನಾನು ಬೀಗಿದ ಆ ಮೌನ ಆ ಮುದುಕಿ ನನಗೆ ಹೊದಿಸಿದ್ದ ಬಟ್ಟೆ. ನನ್ನ ಸುಳ್ಳನ್ನು ಅವಳು ತನ್ನ ಬಾಯಲ್ಲಿ ಹೇಳಿ ನನ್ನ ಮಾನ ಉಳಿಸಿದಳು. ಅದಕ್ಕೆ ಮೊಮ್ಮಗಳ ಓದನ್ನು ಕೊಟ್ಟಳು, ತನ್ನ ಮಂಡಿಯನ್ನು ಕೊಟ್ಟಳು. ಸುಳ್ಳು ಹೇಳಿದೆ ಎನ್ನುವ ನಾಚಿಕೆಯನ್ನು ಹೊತ್ತುಕೊಂಡು ಅಭ್ಯಾಸವಾಗಿತ್ತು. ಅದು ಗೊತ್ತಿದ್ದೂ ಅವರು ನನ್ನನ್ನು ಕಾಪಾಡಿದರು ಎನ್ನುವುದನ್ನು ಹೊರಲು ನನಗೆ ಶಕ್ತಿ ಇರಲಿಲ್ಲ. ಅಲ್ಲೇ, ಮಕ್ಕಳು ಮಲಗಿದ್ದ ಕೋಣೆಯ ಬಾಗಿಲಲ್ಲಿ, ಅತ್ತುಬಿಟ್ಟೆ. ತಪ್ಪಾಯಿತು ಎಂದೆ. ಸರೋಜ ಪರವಾಗಿಲ್ಲ ಎನ್ನಲಿಲ್ಲ. ಮಕ್ಕಳು ಎದ್ದಾರು ಎಂದು ಬಾಗಿಲು ಮುಂದೆ ಮಾಡಿ, ಒಂದು ಲೋಟ ನೀರು ಕೊಟ್ಟಳು.

ಹೊಲದ ಮೇಲೆಯೇ ವಾಪಸ್ಸು ಬಂದೆ. ಬೇವಿನ ಮರದ ತನಕ ಅವಳು ಜೊತೆಗೆ ಬಂದಳು. ಬಿಚ್ಚಿದ ತಂತಿಯನ್ನು ನೋಡಿದಳು. ಹೊಲದೊಳಗೆ ಕಾಲಿಡದೆ ಬದುವಿನ ಮೇಲೇ ನಿಂತಳು.

ಹಿಂದೂಪುರಕ್ಕೆ ಬಂದು ಅರ್ಧ ಬರೆದ ಅರ್ಜಿಯನ್ನು ರುದ್ರಪ್ಪನವರಿಗೆ ಹಿಂತಿರುಗಿಸಿದೆ. ನನ್ನಿಂದ ಆಗುವುದಿಲ್ಲ ಎಂದೆ. ಮೈ ಸರಿಯಿಲ್ಲವೇನೋ ಎಂದುಕೊಂಡು ಅವರು ಬೇರೆಯವರ ಕೈಲಿ ಬರೆಸಿ ಕೊಟ್ಟರು. ಹತ್ತು ದಿನದ ಮೇಲೆ ಮುನಿಸಿಪಾಲಿಟಿಯಿಂದ ಒಬ್ಬ ಹುಡುಗಿ ಕೈಯಲ್ಲಿ ಫೈಲು ಹಿಡಿದು ಬೀದಿ ನೋಡಲು ಬಂದಳು. ರುದ್ರಪ್ಪನವರು ಅವಳನ್ನು ನೇರ ನನ್ನ ಹತ್ತಿರ ಕರೆತಂದರು. ನಾನು ಶೂ ಕಟ್ಟಿಕೊಂಡು ಗೇಟಿನ ಹೊರಗೆ ನಿಂತಿದ್ದೆ. ದಿನವೂ ನಡೆಯುವವರು ಇವರೇ, ಇವರನ್ನೇ ಕೇಳಿ ಎಂದರು. ಅವಳು ತೆಲುಗಿನಲ್ಲಿ ವಿನಯವಾಗಿ ಕೇಳಿದಳು: ಸಾರ್, ಇಲ್ಲಿ ನಡೆಯುವವರಿಗೆ ದಾರಿ ಇದೆಯೋ ಇಲ್ಲವೋ?

ಕೊಡತಿಗಳ ಸದ್ದು ನಿಂತಿತು. ಹೆಂಗಸರೆಲ್ಲ ನನ್ನ ಕಡೆ ನೋಡಿದರು. ಇಷ್ಟು ದಿನ ನಾನು ಹೇಗೆ ನಡೆಯುತ್ತಿದ್ದೆ ಎನ್ನುವುದು ಆಗ ನನಗೇ ಕಣ್ಣಿಗೆ ಕಟ್ಟಿತು. ಗೇಟಿನ ಸದ್ದು ಕೇಳಿದ ಕೂಡಲೇ ಈ ತುದಿಯ ಹೆಂಗಸು, "ಜರಗಂಡಮ್ಮಾ, ಸಾರು ಬತ್ತಾವ್ರೆ," ಎನ್ನುತ್ತಾಳೆ. ಒಬ್ಬೊಬ್ಬರಾಗಿ ಗೋಣಿಯ ಅಂಚು ಮಡಚುತ್ತಾರೆ, ಬೀಜದ ಗುಡ್ಡೆಯನ್ನು ಮೊಣಕೈಯಿಂದ ಒಳಕ್ಕೆ ಎಳೆದುಕೊಳ್ಳುತ್ತಾರೆ. ಗೋಡೆಯ ಪಕ್ಕದಲ್ಲಿ ಒಂದಡಿ ಅಗಲದ ಗೆರೆಯೊಂದು ಬೀದಿಯ ಆ ತುದಿಯ ತನಕ ತೆರೆದುಕೊಳ್ಳುತ್ತದೆ. ನಾನು ಗಡಿಯಾರದಲ್ಲಿ ಹೆಜ್ಜೆ ನೋಡಿಕೊಳ್ಳುತ್ತಾ ಅದರ ಮೇಲೆ ಹೋಗಿಬಿಡುತ್ತಿದ್ದೆ. ದಿನವೂ ಅವರು ನನಗೆ ದಾರಿ ಬಿಡುತ್ತಿದ್ದರು, ದಿನವೂ ನಾನು ಇಲ್ಲ ಎನ್ನುವವರ ಜೊತೆಯಲ್ಲಿದ್ದೆ.

ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡೆ.

"ಉಂದಮ್ಮಾ," ಎಂದೆ. ರುದ್ರಪ್ಪನವರಿಗೆ ಇನ್ನೊಮ್ಮೆ ಕನ್ನಡದಲ್ಲೇ ಹೇಳಿದೆ: "ಐತೆ ರುದ್ರಪ್ಪನವ್ರೇ, ದಾರಿ ಐತೆ."

ಹುಡುಗಿ ಬರೆದುಕೊಂಡಳು. ರುದ್ರಪ್ಪನವರು ನನ್ನೊಡನೆ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ. ಅರ್ಜಿ ಏನಾಯಿತೋ ತಿಳಿಯದು. ದಾರಿ ಐತೆ ಎಂಬ ಒಂದು ಮಾತು ಹೇಳಲು ಉಸಿರೆಳೆದು ಬಿಡುವಷ್ಟು ಹೊತ್ತು ಬೇಕಾಯಿತು. ಕಲ್ಯಾಣದುರ್ಗದ ಆ ಮೇಜಿನ ಮುಂದೆಯೂ ಅಷ್ಟೇ ಬೇಕಿತ್ತು.